ಮುಟ್ಟುವ ಮೊದಲು ಕೇಳಿ: ಲೈಂಗಿಕ ಹಿಂಸೆಗೆ ಒಳಗಾದವರ ಆರೈಕೆ ಹೇಗಿರಬೇಕು?



ಪೋಕ್ಸೊ ಕಾಯ್ದೆಯ ಬಗ್ಗೆ ನಮಗೆ ಪ್ರತಿ ವರ್ಷ ಯಾರಾದರೂ ಬಂದು ತಿಳಿಸಿ ಹೋಗುತ್ತಾರೆ. ಯಾವುದು ಅಪರಾಧ, ಯಾರಿಗೆ ದೂರು ಕೊಡಬೇಕು, ಶಿಕ್ಷೆ ಎಷ್ಟು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಆದರೆ ಘಟನೆ ನಡೆದ ಮೇಲೆ ಆ ಹುಡುಗಿಯ ಅಥವಾ ಹುಡುಗನ ಗತಿ ಏನು? ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ? ಏನು ಮಾಡಬಾರದು? ಯಾವುದಕ್ಕೆ "ಬೇಡ" ಎನ್ನಬಹುದು? ಈ ಪ್ರಶ್ನೆಗಳನ್ನು ನಾವು ಕೇಳುವುದಿಲ್ಲ. ಕೇಳಲು ನಾಚಿಕೆ, ಹೇಳುವವರಿಗೂ ಮುಜುಗರ. ಹಾಗಾಗಿ ಕಾನೂನು ಮತ್ತು ವೈದ್ಯಕೀಯ ಮಾರ್ಗಸೂಚಿಗಳನ್ನು ಓದಿ, ನನಗೆ ಅರ್ಥವಾದದ್ದನ್ನು ಇಲ್ಲಿ ಪಾಠದ ರೀತಿಯಲ್ಲಿ ಬರೆಯುತ್ತಿದ್ದೇನೆ.

ಇದು ಎಷ್ಟು ಅಗತ್ಯ ಎಂಬುದಕ್ಕೆ ಒಂದು ಅಂಕಿ ಸಾಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಭಾರತೀಯ ಮಹಿಳೆಯರಲ್ಲಿ ಸಹಾಯ ಕೇಳಿದವರು ಶೇ. 14 ಮಾತ್ರ. ಶೇ. 77ರಷ್ಟು ಮಂದಿ ಸಹಾಯವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಅಂದರೆ ಬಾಯಿ ಬಿಟ್ಟು ಹೇಳುವವರೇ ಅಪರೂಪ. ಹೇಳಿದ ಆ ಮೊದಲ ದಿನ ಎದುರಿಗಿದ್ದವರು ಹೇಗೆ ನಡೆದುಕೊಂಡರು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ.

"ಯಾಕೆ ಕೂಗಲಿಲ್ಲ?" ಎಂಬ ಪ್ರಶ್ನೆ

ಮೊದಲು ಆಘಾತ ಎಂದರೇನು ಎಂದು ತಿಳಿಯಬೇಕು. ಭಯವಾದಾಗ ಮನುಷ್ಯ ಓಡುತ್ತಾನೆ ಅಥವಾ ಎದುರಿಸುತ್ತಾನೆ ಎಂದು ನಾವು ಭಾವಿಸುತ್ತೇವೆ. ಮೂರನೆಯದೊಂದು ಇದೆ: ದೇಹ ಕಲ್ಲಿನಂತೆ ಹೆಪ್ಪುಗಟ್ಟುವುದು. ಕೂಗಬೇಕೆಂದರೂ ಧ್ವನಿ ಬರುವುದಿಲ್ಲ, ಕೈ ಎತ್ತಬೇಕೆಂದರೂ ಏಳುವುದಿಲ್ಲ. ಇದು ನಮ್ಮ ಇಚ್ಛೆಯಿಂದ ಆಗುವುದಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಅತ್ಯಾಚಾರಕ್ಕೆ ಒಳಗಾದವರಿಗಾಗಿಯೇ ಇರುವ ತುರ್ತು ಚಿಕಿತ್ಸಾಲಯಕ್ಕೆ ಬಂದ 298 ಮಹಿಳೆಯರನ್ನು ಅಧ್ಯಯನ ಮಾಡಿ 2017ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ಶೇ. 70ರಷ್ಟು ಮಂದಿಗೆ ಘಟನೆಯ ಸಮಯದಲ್ಲಿ ದೇಹ ಗಣನೀಯವಾಗಿ ಸ್ತಬ್ಧವಾಗಿತ್ತು.

ನೆನಪೂ ಹಾಗೆಯೇ. ಗೋಡೆಯ ಬಣ್ಣ ನೆನಪಿರುತ್ತದೆ, ಗಂಟೆ ಎಷ್ಟು ಎಂಬುದು ನೆನಪಿರುವುದಿಲ್ಲ. ಒಬ್ಬರು ಅಳುತ್ತಾರೆ. ಇನ್ನೊಬ್ಬರು ಏನೂ ಆಗಿಲ್ಲವೆಂಬಂತೆ ಕುಳಿತಿರುತ್ತಾರೆ, ಕೆಲವೊಮ್ಮೆ ನಗುತ್ತಾರೆ ಕೂಡ. ಅಳಲಿಲ್ಲ ಎಂದು ಅನುಮಾನಿಸುವುದು, ಹೇಳಿದ್ದನ್ನು ಹಿಂದೆ ಮುಂದೆ ಹೇಳಿದಳೆಂದು ಸುಳ್ಳುಗಾತಿ ಎನ್ನುವುದು ಎರಡೂ ತಪ್ಪು.

ಈ ತಪ್ಪಿಗೆ ನಮ್ಮ ದೇಶ ದೊಡ್ಡ ಬೆಲೆ ತೆತ್ತಿದೆ. 1972ರಲ್ಲಿ ಮಹಾರಾಷ್ಟ್ರದ ಒಂದು ಪೊಲೀಸ್ ಠಾಣೆಯೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ನಡೆದ ಅತ್ಯಾಚಾರದ ಪ್ರಕರಣದಲ್ಲಿ ಹೈಕೋರ್ಟ್ ಇಬ್ಬರು ಪೊಲೀಸರಿಗೆ ಶಿಕ್ಷೆ ವಿಧಿಸಿತ್ತು. 1978ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಮೈಮೇಲೆ ಗಾಯದ ಗುರುತು ಇಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ನಾಲ್ವರು ಕಾನೂನು ಪ್ರಾಧ್ಯಾಪಕರು 1979ರಲ್ಲಿ ನ್ಯಾಯಾಲಯಕ್ಕೆ ಬಹಿರಂಗ ಪತ್ರ ಬರೆದರು. ದೇಶದಾದ್ಯಂತ ಮಹಿಳೆಯರು ಬೀದಿಗಿಳಿದರು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ದೈಹಿಕವಾಗಿ ಪ್ರತಿರೋಧ ಒಡ್ಡಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಒಪ್ಪಿಗೆ ಎಂದು ತಿಳಿಯಬಾರದು ಎಂಬ ಮಾತು ಕಾನೂನಿನಲ್ಲಿ ಸ್ಪಷ್ಟವಾಗಿ ಬಂದದ್ದು 2013ರಲ್ಲಿ.

ಪೊಲೀಸ್ ಚೀಟಿ ತರಬೇಕೆ?

ಬೇಡ. ಈ ಉತ್ತರದ ಹಿಂದೆ ನಮ್ಮ ಕರ್ನಾಟಕದ್ದೇ ಒಂದು ಪ್ರಕರಣ ಇದೆ. ಪೊಲೀಸರು ಕಳುಹಿಸದೆ ಅತ್ಯಾಚಾರ ಪ್ರಕರಣದಲ್ಲಿ ವೈದ್ಯಕೀಯ ಪರೀಕ್ಷೆ ಮಾಡುವುದಿಲ್ಲ ಎಂದು ವೈದ್ಯರು ಹೇಳಿದ್ದ ಆ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2000ದಲ್ಲಿ ತೀರ್ಪು ಕೊಟ್ಟ ನ್ಯಾಯಾಲಯ, ಗ್ರಾಮೀಣ ಭಾಗದ ಕೆಲವು ಸರ್ಕಾರಿ ವೈದ್ಯರ ಈ ಧೋರಣೆಯನ್ನು ಖಂಡಿಸಿತು. ಪೊಲೀಸರಿಗಾಗಿ ಕಾಯುತ್ತಾ ಕುಳಿತರೆ ಸಾಕ್ಷ್ಯವೂ ಹೋಗುತ್ತದೆ, ಚಿಕಿತ್ಸೆಯೂ ತಡವಾಗುತ್ತದೆ.

ಈಗಿನ ಕಾನೂನು ಇನ್ನೂ ಗಟ್ಟಿಯಾಗಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಪ್ರಕಾರ ಸರ್ಕಾರಿ ಆಸ್ಪತ್ರೆಯಿರಲಿ, ಖಾಸಗಿ ಆಸ್ಪತ್ರೆಯಿರಲಿ, ಕೂಡಲೇ ಉಚಿತವಾಗಿ ಪ್ರಥಮ ಚಿಕಿತ್ಸೆ ಅಥವಾ ವೈದ್ಯಕೀಯ ಚಿಕಿತ್ಸೆ ಕೊಡಲೇಬೇಕು. ಕೊಡದಿದ್ದರೆ ಆಸ್ಪತ್ರೆಯ ಹೊಣೆ ಹೊತ್ತವರಿಗೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಮಕ್ಕಳ ವಿಷಯದಲ್ಲಿ ತುರ್ತು ಆರೈಕೆಗೆ ಮೊದಲು ಯಾವುದೇ ಕಾಗದಪತ್ರ ಕೇಳುವಂತಿಲ್ಲ ಎಂದು 2020ರ ಪೋಕ್ಸೊ ನಿಯಮಗಳು ಹೇಳುತ್ತವೆ. ಆಸ್ಪತ್ರೆಯು ಪೊಲೀಸರಿಗೆ ತಿಳಿಸಬೇಕು ನಿಜ. ಆದರೆ ಪೊಲೀಸರು ಬರುವವರೆಗೆ ಚಿಕಿತ್ಸೆ ಕಾಯುವುದಿಲ್ಲ.

ಇಲ್ಲಿ ಗಂಟೆಗಳ ಲೆಕ್ಕ ಮುಖ್ಯ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕು. ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆ ಎಷ್ಟು ಬೇಗವೋ ಅಷ್ಟು ಒಳ್ಳೆಯದು, 5 ದಿನ ಮೀರಬಾರದು. ಹೆಪಟೈಟಿಸ್ ಬಿ ಲಸಿಕೆ, ಸೋಂಕುಗಳಿಗೆ ಔಷಧಿ, ಗಾಯಕ್ಕೆ ಚಿಕಿತ್ಸೆ ಇವೂ ಸೇರುತ್ತವೆ. ದೇಹದಿಂದ ಸಂಗ್ರಹಿಸುವ ಸಾಕ್ಷ್ಯ ಸಾಮಾನ್ಯವಾಗಿ 96 ಗಂಟೆಯವರೆಗೆ ಸಿಗಬಹುದು. ಸಾಧ್ಯವಾದರೆ ಸ್ನಾನ ಮಾಡದೆ, ಬಟ್ಟೆ ಒಗೆಯದೆ ಹೋಗುವುದು ಒಳ್ಳೆಯದು. ಆದರೆ ಸ್ನಾನ ಮಾಡಿದ್ದರೂ, ದಿನಗಳೇ ಕಳೆದಿದ್ದರೂ, ವರ್ಷಗಳೇ ಆಗಿದ್ದರೂ ಹೋಗಬಹುದು. ಸಾಕ್ಷ್ಯಕ್ಕೆ ಗಡುವು ಇದೆ, ಆರೈಕೆಗೆ ಇಲ್ಲ.

ನಮ್ಮ ಪಠ್ಯದ ನಾಲ್ಕು ಹಕ್ಕುಗಳು

ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಬಿಸಿನೆಸ್ ಸ್ಟಡೀಸ್‌ನಲ್ಲಿ ಗ್ರಾಹಕರ ಆರು ಹಕ್ಕುಗಳನ್ನು ಓದುತ್ತೇವೆ. ಮೊದಲ ನಾಲ್ಕು: ಸುರಕ್ಷತೆ, ಮಾಹಿತಿ, ಆಯ್ಕೆ ಮತ್ತು ತನ್ನ ಮಾತು ಕೇಳಿಸಿಕೊಳ್ಳುವಂತೆ ಒತ್ತಾಯಿಸುವ ಹಕ್ಕು. ನೋವಿನಲ್ಲಿರುವ ವ್ಯಕ್ತಿ ಗ್ರಾಹಕಳಲ್ಲ, ಆರೈಕೆ ಸರಕೂ ಅಲ್ಲ. ಆದರೂ ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಓದುವಾಗ ಇದೇ ನಾಲ್ಕು ಪದಗಳು ನನಗೆ ಮತ್ತೆ ಮತ್ತೆ ನೆನಪಾದವು. ಒಂದು ಮಿಕ್ಸರ್ ಕೊಳ್ಳುವವರಿಗೆ ಇಷ್ಟು ಹಕ್ಕು ಇರುವಾಗ, ಅಂಥ ಸ್ಥಿತಿಯಲ್ಲಿ ಆಸ್ಪತ್ರೆಗೆ ಬಂದವರಿಗೆ ಇರಬೇಡವೆ?

ಸುರಕ್ಷತೆ. ಪರೀಕ್ಷೆ ಪ್ರತ್ಯೇಕ ಕೋಣೆಯಲ್ಲಿ ನಡೆಯಬೇಕು, ಪೊಲೀಸರು ಒಳಗಿರಬಾರದು. ಪೋಕ್ಸೊ ಕಾಯ್ದೆಯ 27ನೇ ಕಲಂ ಪ್ರಕಾರ ಹುಡುಗಿಯನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ಜೊತೆಗೆ ತಂದೆತಾಯಿ ಅಥವಾ ಆ ಮಗು ನಂಬುವ ವ್ಯಕ್ತಿ ಇರಬೇಕು. "ನಂಬುವ ವ್ಯಕ್ತಿ" ಎಂಬುದನ್ನು ಗಮನಿಸಿ. ಎಷ್ಟೋ ಸಲ ತೊಂದರೆ ಕೊಟ್ಟವರು ಮನೆಯವರೇ ಆಗಿರುತ್ತಾರೆ ಎಂಬುದು ಕಾನೂನಿಗೂ ಗೊತ್ತು.

ಮಾಹಿತಿ. ಏನು ಪರೀಕ್ಷೆ, ಯಾಕೆ, ಎಲ್ಲಿ ಮುಟ್ಟುತ್ತಾರೆ, ಅದರಿಂದ ಏನು ಗೊತ್ತಾಗುತ್ತದೆ ಎಂಬುದನ್ನು ಮೊದಲೇ ಹೇಳಬೇಕು. ಅದೂ ಆಕೆಗೆ ಅರ್ಥವಾಗುವ ಭಾಷೆಯಲ್ಲಿ. ಈ ಒಂದು ಅಂಶದ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಬೇಕು. ನಮ್ಮ ಮನೆಯಲ್ಲಿ ಮಾತಾಡುವುದು ಉರ್ದು. ನಮ್ಮ ಗಲ್ಲಿಯ ಹಿರಿಯ ಹೆಂಗಸರು ಆಸ್ಪತ್ರೆಗೆ ಹೋಗುವಾಗ ಕನ್ನಡ ಬರುತ್ತದೆಂದು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಒಮ್ಮೆ ಒಬ್ಬ ಖಾಲಾ ಜೊತೆ ಹೋಗಿದ್ದೆ. ಕೌಂಟರಿನಲ್ಲಿದ್ದವರು ಹಿಂದೆ ನಿಂತ ಸಾಲಿಗೆಲ್ಲ ಕೇಳುವಂತೆ "ಏನು ತೊಂದರೆ?" ಎಂದರು. ಖಾಲಾ ನನ್ನ ಮುಖ ನೋಡಿ, "ಸರ್ ಮೆ ದರ್ದ್ ಬೋಲೊ" ಎಂದರು. ತಲೆನೋವು ಎಂದು ಚೀಟಿ ಬರೆದರು. ಅವರಿಗೆ ಇದ್ದದ್ದು ತಲೆನೋವಲ್ಲ. ಅವರ ನಿಜವಾದ ತೊಂದರೆ ಹೆಣ್ಣುಮಕ್ಕಳ ಸಾಮಾನ್ಯ ಕಾಯಿಲೆ ಅಷ್ಟೆ. ಅದನ್ನೇ ಹೇಳಲಾಗದ ಜಾಗದಲ್ಲಿ ಅತ್ಯಾಚಾರವಾಗಿದೆ ಎಂದು ಯಾರು ಹೇಳಿಯಾರು? ಅದೂ ಪಕ್ಕದ ಮನೆಯ ಹುಡುಗಿಯ ಬಾಯಲ್ಲಿ? ಆದ್ದರಿಂದ ಇಂಥ ಸಂದರ್ಭದಲ್ಲಿ ನೆರೆಹೊರೆಯವರನ್ನಾಗಲಿ ಸಂಬಂಧಿಕರನ್ನಾಗಲಿ ದುಭಾಷಿಯಾಗಿ ಮಾಡದೆ, ಆಸ್ಪತ್ರೆಯೇ ಗುಟ್ಟು ಕಾಯುವವರೊಬ್ಬರನ್ನು ಒದಗಿಸಬೇಕು. ನರ್ಸ್ ಆಗಬಯಸುವ ನಮ್ಮ ವಿಜ್ಞಾನ ವಿಭಾಗದ ಗೆಳತಿಯರೇ, ನಿಮಗೆ ಬರುವ ಎರಡು ಮೂರು ಭಾಷೆಗಳು ಮುಂದೆ ದೊಡ್ಡ ಉಪಕಾರಕ್ಕೆ ಬರುತ್ತವೆ.

ಆಯ್ಕೆ. ನನ್ನ ದೃಷ್ಟಿಯಲ್ಲಿ ಇದು ಇಡೀ ವಿಷಯದ ತಿರುಳು. ಲೈಂಗಿಕ ಹಿಂಸೆ ಎಂದರೆ ಒಬ್ಬರ ದೇಹದ ಮೇಲೆ ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಅಧಿಕಾರ ನಡೆಸುವುದು. ಆಸ್ಪತ್ರೆಯಲ್ಲೂ ಕೇಳದೆ ಬಟ್ಟೆ ಸರಿಸಿದರೆ, ಕೇಳದೆ ಮುಟ್ಟಿದರೆ ಅದೇ ಇನ್ನೊಮ್ಮೆ ಆದಂತೆ. ಆದ್ದರಿಂದ ಪ್ರತಿ ಹಂತಕ್ಕೂ ಒಪ್ಪಿಗೆ ಬೇಕು. ಪರೀಕ್ಷೆಗೆ ಒಪ್ಪಿ ಸಾಕ್ಷ್ಯ ಸಂಗ್ರಹ ಬೇಡ ಎನ್ನಬಹುದು. ಚಿಕಿತ್ಸೆ ಮಾತ್ರ ಸಾಕು ಎನ್ನಬಹುದು. ಅರ್ಧಕ್ಕೆ ನಿಲ್ಲಿಸಿ ಎನ್ನಬಹುದು. ಬೇಡ ಎಂದದ್ದನ್ನು ವೈದ್ಯರು ಬರೆದುಕೊಳ್ಳಬೇಕೇ ಹೊರತು, ಆ ಕಾರಣಕ್ಕೆ ಚಿಕಿತ್ಸೆ ನಿಲ್ಲಿಸುವಂತಿಲ್ಲ. 12 ವರ್ಷ ದಾಟಿದವರು ಈ ಒಪ್ಪಿಗೆಯನ್ನು ತಾವೇ ಕೊಡಬಹುದು ಎಂದು ಮಾರ್ಗಸೂಚಿ ಹೇಳುತ್ತದೆ. ಸಾಕ್ಷ್ಯಕ್ಕಾಗಿ ಬಟ್ಟೆ ತೆಗೆದುಕೊಂಡರೆ ತೊಡಲು ಬೇರೆ ಬಟ್ಟೆ ಸಿದ್ಧವಿರಬೇಕು. ಬುರ್ಖಾ ತೊಟ್ಟು ಬಂದ ಹುಡುಗಿಯನ್ನು ಬರಿಯ ಆಸ್ಪತ್ರೆಯ ಗೌನಿನಲ್ಲಿ ಎಲ್ಲರೆದುರು ಕಾರಿಡಾರಿನಲ್ಲಿ ನಡೆಸಿದರೆ ಆಕೆ ಎರಡನೇ ಸಲ ಆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ತಲೆಯ ಬಟ್ಟೆ ತೆಗೆಯುವ ಮೊದಲು "ತೆಗೆಯಬಹುದೆ?" ಎಂದು ಕೇಳಲು ಎರಡು ಸೆಕೆಂಡು ಸಾಕು.

ಕೇಳಿಸಿಕೊಳ್ಳುವುದು. ಒಂದೇ ಕಥೆಯನ್ನು ವಾರ್ಡ್‌ಬಾಯ್‌ನಿಂದ ವೈದ್ಯರವರೆಗೆ ಐದು ಜನರಿಗೆ ಹೇಳಿಸಬಾರದು. ಚಿಕಿತ್ಸೆಗೆ ಬೇಕಾದಷ್ಟನ್ನೇ ಕೇಳಬೇಕು. ಹಿಂದೆ ಯಾರ ಜೊತೆ ಸಂಬಂಧ ಇತ್ತು ಎಂಬುದು ಚಿಕಿತ್ಸೆಗೂ ಬೇಕಿಲ್ಲ, ನ್ಯಾಯಕ್ಕೂ ಬೇಕಿಲ್ಲ. "ಎರಡು ಬೆರಳಿನ ಪರೀಕ್ಷೆ" ಎಂಬ ಹಳೆಯ ಕ್ರಮ ಇದನ್ನೇ ಹುಡುಕುತ್ತಿತ್ತು. ಅದಕ್ಕೆ ಯಾವ ವೈಜ್ಞಾನಿಕ ಆಧಾರವೂ ಇಲ್ಲ. ಅದು ಖಾಸಗಿತನ ಮತ್ತು ಘನತೆಯ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. 2014ರ ಮಾರ್ಗಸೂಚಿ ಅದನ್ನು ನಿಷೇಧಿಸಿತು. ಆದರೂ ನಿಲ್ಲದ್ದರಿಂದ 2022ರ ಅಕ್ಟೋಬರ್ 31ರಂದು ನ್ಯಾಯಾಲಯ, ಇದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದು ಎಚ್ಚರಿಸಿತು ಮತ್ತು ವೈದ್ಯಕೀಯ ಪಠ್ಯಕ್ರಮವನ್ನು ಪರಿಶೀಲಿಸಲು ಹೇಳಿತು.

ದಿಲಾಸಾ

ಇವೆಲ್ಲ ಕಾಗದದ ಮೇಲಿನ ಮಾತು ಎಂದು ಯಾರಾದರೂ ಹೇಳಬಹುದು. ಹಾಗಲ್ಲ. ಸುಮಾರು 25 ವರ್ಷಗಳ ಹಿಂದೆ ಮುಂಬೈನ ಬಾಂದ್ರಾದಲ್ಲಿರುವ ಭಾಭಾ ಆಸ್ಪತ್ರೆಯಲ್ಲಿ ಮಹಾನಗರ ಪಾಲಿಕೆ ಮತ್ತು ಸೆಹತ್ ಎಂಬ ಸಂಶೋಧನಾ ಸಂಸ್ಥೆ ಸೇರಿ ಹಿಂಸೆಗೆ ಒಳಗಾದ ಮಹಿಳೆಯರಿಗೆ ಒಂದು ವಿಭಾಗ ತೆರೆದವು. ಅದರ ಹೆಸರು ದಿಲಾಸಾ. ನಮ್ಮ ಮನೆಗಳಲ್ಲಿ ದಿನವೂ ಬಳಸುವ ಪದ ಇದು: ಸಾಂತ್ವನ, ಧೈರ್ಯ ತುಂಬುವ ಮಾತು. ಇದನ್ನು ಆಸ್ಪತ್ರೆಯೊಳಗೇ ಇಟ್ಟದ್ದಕ್ಕೆ ಒಳ್ಳೆಯ ಕಾರಣವಿದೆ. ಪೊಲೀಸ್ ಠಾಣೆಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಲಾಗದವರೂ ಆಸ್ಪತ್ರೆಗೆ ಹೋಗುತ್ತೇನೆ ಎನ್ನಬಹುದು. ಅಲ್ಲಿ ನರ್ಸ್‌ಗಳಿಗೆ ಮತ್ತು ವೈದ್ಯರಿಗೆ ತರಬೇತಿ ಕೊಟ್ಟು, ರೋಗಿಯ ಗಾಯದ ಹಿಂದಿನ ಕಾರಣವನ್ನು ಮೃದುವಾಗಿ ಕೇಳುವುದನ್ನು ಕಲಿಸಿದರು. ಮುಂದೆ ಇದೇ ಮಾದರಿ ಬೇರೆ ಆಸ್ಪತ್ರೆಗಳಿಗೂ ಹಬ್ಬಿತು. ಇಂದು ನಮ್ಮ ಜಿಲ್ಲೆಗಳಲ್ಲಿರುವ "ಸಖಿ" ಒನ್ ಸ್ಟಾಪ್ ಕೇಂದ್ರಗಳ ಉದ್ದೇಶವೂ ಅದೇ: ಚಿಕಿತ್ಸೆ, ಆಪ್ತಸಮಾಲೋಚನೆ, ಪೊಲೀಸ್ ನೆರವು, ಕಾನೂನು ಸಲಹೆ, ಕೆಲವು ದಿನ ತಂಗಲು ಜಾಗ ಎಲ್ಲವೂ ಒಂದೇ ಕಡೆ.

ನಮ್ಮ ಬಳಿ ಹೇಳಿಕೊಂಡರೆ?

ನಮ್ಮ ವಯಸ್ಸಿನವರು ಮೊದಲು ಹೇಳುವುದು ಸಾಮಾನ್ಯವಾಗಿ ಗೆಳತಿಗೆ ಅಥವಾ ಗೆಳೆಯನಿಗೆ. ವೈದ್ಯರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿಕೊಟ್ಟಿರುವ ಐದು ಹೆಜ್ಜೆಗಳು ನಮಗೂ ಹೊಂದುತ್ತವೆ.

1. ಆಲಿಸಿ. ನಡುವೆ ಬಾಯಿ ಹಾಕಬೇಡಿ. ಮೌನವಾದರೆ ಮೌನವಾಗಿರಲು ಬಿಡಿ.
2. ಈಗ ಏನು ಬೇಕು ಎಂದು ಕೇಳಿ. ನೀರು ಬೇಕಿರಬಹುದು, ಮನೆಗೆ ಫೋನ್ ಮಾಡುವುದು ಬೇಡವಾಗಿರಬಹುದು.
3. ನಂಬಿದ್ದೇನೆ ಎಂದು ಬಾಯಿಬಿಟ್ಟು ಹೇಳಿ. "ಇದರಲ್ಲಿ ನಿನ್ನ ತಪ್ಪಿಲ್ಲ" ಎನ್ನಿ. ಅಥವಾ ನಮ್ಮ ಮಾತಿನಲ್ಲೇ "ತುಮಾರಿ ಗಲ್ತಿ ನೈ" ಎನ್ನಿ.
4. ಇವತ್ತು ರಾತ್ರಿ ಎಲ್ಲಿರುವುದು ಸುರಕ್ಷಿತ ಎಂದು ಒಟ್ಟಿಗೆ ಯೋಚಿಸಿ.
5. ಆಸ್ಪತ್ರೆಗೆ, ಉಪನ್ಯಾಸಕರ ಬಳಿಗೆ ಅಥವಾ ಸಹಾಯವಾಣಿಗೆ ತಲುಪಲು ಜೊತೆಯಾಗಿ.

ಒಂದು ಎಚ್ಚರಿಕೆ ಇದೆ. "ಯಾರಿಗೂ ಹೇಳುವುದಿಲ್ಲ, ಕಸಮ್" ಎಂದು ಮಾತು ಕೊಡಬೇಡಿ. 18 ತುಂಬದವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸಬೇಕು ಎಂದು ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುತ್ತದೆ. ತಿಳಿಸದಿದ್ದರೆ 18 ತುಂಬದ ನಮಗೆ ಶಿಕ್ಷೆ ಇಲ್ಲ, ಆದರೆ ಉಪನ್ಯಾಸಕರಿಗೆ ಮತ್ತು ವೈದ್ಯರಿಗೆ ಇದೆ. ಆದ್ದರಿಂದ ಸಿಬ್ಬಂದಿ ವರ್ಗದವರಲ್ಲಿ ನನ್ನ ವಿನಂತಿ ಇಷ್ಟು: ವಿದ್ಯಾರ್ಥಿ ಮಾತು ಶುರು ಮಾಡಿದಾಗಲೇ "ಇದರಲ್ಲಿ ಕೆಲವನ್ನು ನಾನು ಮೇಲಿನವರಿಗೆ ತಿಳಿಸಲೇಬೇಕಾಗುತ್ತದೆ. ಯಾರಿಗೆ, ಯಾಕೆ ಎಂದು ನಿನಗೆ ಹೇಳಿಯೇ ತಿಳಿಸುತ್ತೇನೆ" ಎನ್ನಿ. ಆಮೇಲೆ ಗೊತ್ತಾದರೆ ಅದು ಮೋಸವೆನಿಸುತ್ತದೆ. ಹೆಸರು, ಫೋಟೊ, ಊರು, ಕಾಲೇಜು ಏನನ್ನೂ ವಾಟ್ಸ್ಆ್ಯಪ್‌ನಲ್ಲಿ ಹಾಕಬಾರದು. ಗುರುತು ಬಹಿರಂಗಪಡಿಸುವುದು ಕೂಡ ಅಪರಾಧ.

ಹುಡುಗರಿಗೂ ಒಂದು ಮಾತು. 2007ರಲ್ಲಿ ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ನಡೆಸಿದ ಮಕ್ಕಳ ಅಧ್ಯಯನದಲ್ಲಿ ಲೈಂಗಿಕ ದೌರ್ಜನ್ಯದ ಅನುಭವ ಹೇಳಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರಿದ್ದರು. ಪೋಕ್ಸೊ ನಿಮ್ಮನ್ನೂ ರಕ್ಷಿಸುತ್ತದೆ. ಮೇಲೆ ಹೇಳಿದ ಆರೈಕೆ ನಿಮಗೂ ಸಿಗಬೇಕು.

ಇಜ್ಜತ್ ಯಾರದ್ದು ಹೋಯಿತು?

ಕನ್ನಡದಲ್ಲಿ "ಮಾನಭಂಗ" ಎನ್ನುತ್ತಾರೆ, ನಮ್ಮ ಮನೆಗಳಲ್ಲಿ "ಇಜ್ಜತ್ ಗಯೀ" ಎನ್ನುತ್ತಾರೆ. ಎರಡರಲ್ಲೂ ಕಳೆದುಕೊಂಡವಳು ಅವಳೇ. ಒಬ್ಬರ ಮನೆಗೆ ಕಳ್ಳ ನುಗ್ಗಿದರೆ ಮನೆಯವರ ಮರ್ಯಾದೆ ಹೋಯಿತು ಎಂದು ಯಾರೂ ಹೇಳುವುದಿಲ್ಲ. ಇಲ್ಲಿ ಮಾತ್ರ ಲೆಕ್ಕ ತಪ್ಪು ಖಾತೆಗೆ ಬರೆಯುತ್ತೇವೆ. ಇದರ ಪರಿಣಾಮ ನಮಗೆಲ್ಲ ಗೊತ್ತಿದೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ: ಮನೆಯಲ್ಲಿ ಹೇಳಿದರೆ ಕಾಲೇಜು ಬಿಡಿಸುತ್ತಾರೆ. ಬಸ್ಸಿನಲ್ಲಿ ಯಾರೋ ಕಾಟ ಕೊಟ್ಟರು ಎಂದರೂ ನಿಲ್ಲುವುದು ಅವನ ಬಸ್ ಪ್ರಯಾಣವಲ್ಲ, ನಮ್ಮ ಓದು. ಆ ಹೆದರಿಕೆಯಿಂದಲೇ ಎಷ್ಟೋ ಹುಡುಗಿಯರು 72 ಗಂಟೆಗಳನ್ನು ಸುಮ್ಮನೆ ಕಳೆದುಬಿಡುತ್ತಾರೆ.

ಓದು ನಿಲ್ಲಿಸುವುದು ರಕ್ಷಣೆಯಲ್ಲ ಎಂಬುದಕ್ಕೆ ಕಾಂಗೋ ದೇಶದ ಪಾಂಜಿ ಆಸ್ಪತ್ರೆ ಒಳ್ಳೆಯ ಉದಾಹರಣೆ. ಯುದ್ಧದಲ್ಲಿ ಅತ್ಯಾಚಾರಕ್ಕೆ ಒಳಗಾದ ಸಾವಿರಾರು ಮಹಿಳೆಯರಿಗೆ ಚಿಕಿತ್ಸೆ ಕೊಟ್ಟ ಆ ಆಸ್ಪತ್ರೆಯನ್ನು ಡಾ. ಡೆನಿಸ್ ಮುಕ್ವೆಗೆ 1999ರಲ್ಲಿ ಬುಕಾವು ನಗರದಲ್ಲಿ ಸ್ಥಾಪಿಸಿದರು. 2018ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಅವರು ನಾದಿಯಾ ಮುರಾದ್ ಜೊತೆ ಹಂಚಿಕೊಂಡರು. ಶಸ್ತ್ರಚಿಕಿತ್ಸೆ ಒಂದರಿಂದಲೇ ಯಾರೂ ಗುಣವಾಗುವುದಿಲ್ಲ ಎಂಬುದು ಅವರ ಅನುಭವ. ಆದ್ದರಿಂದ ಅಲ್ಲಿನ ಆರೈಕೆಗೆ ನಾಲ್ಕು ಕಂಬಗಳಿವೆ: ವೈದ್ಯಕೀಯ ಚಿಕಿತ್ಸೆ, ಮನಸ್ಸಿನ ಚಿಕಿತ್ಸೆ, ಕಾನೂನು ನೆರವು ಮತ್ತು ಮತ್ತೆ ಬದುಕು ಕಟ್ಟಿಕೊಳ್ಳಲು ಓದು, ಕಸುಬು, ಆದಾಯ. ನಾಲ್ಕನೆಯದು ನಮ್ಮ ಕೈಯಲ್ಲೂ ಇದೆ. ಹಾಜರಾತಿ ಕಡಿಮೆಯಾದ ವಿದ್ಯಾರ್ಥಿನಿಯನ್ನು ತರಗತಿಯ ಎದುರು ನಿಲ್ಲಿಸಿ ಕಾರಣ ಕೇಳದಿರುವುದು, ನೋಟ್ಸ್ ತಲುಪಿಸುವುದು, ಮರಳಿ ಬಂದ ದಿನ ಪಕ್ಕದಲ್ಲಿ ಮೊದಲಿನಂತೆಯೇ ಕುಳಿತುಕೊಳ್ಳುವುದು ಇವೂ ಆರೈಕೆಯೇ. ಪೋಷಕರಿಗೂ ಇದನ್ನು ತೋರಿಸಿ: ನಿಮ್ಮ ಮಗಳು ಹೇಳಿಕೊಳ್ಳಬೇಕಾದರೆ, ಹೇಳಿದರೆ ಓದು ನಿಲ್ಲುವುದಿಲ್ಲ ಎಂಬ ನಂಬಿಕೆ ಅವಳಿಗೆ ಇವತ್ತೇ ಬೇಕು.

ನೆನಪಿಡಿ

• ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098, ತುರ್ತು ಕರೆ 112.
• ಮನಸ್ಸಿನ ಆರೋಗ್ಯಕ್ಕೆ ಟೆಲಿ ಮಾನಸ್ 14416. ಇದಕ್ಕೆ ಮಾರ್ಗದರ್ಶನ ನೀಡುವುದು ಬೆಂಗಳೂರಿನ ನಿಮ್ಹಾನ್ಸ್.
• ಯಾವ ಆಸ್ಪತ್ರೆಗಾದರೂ ನೇರವಾಗಿ ಹೋಗಬಹುದು. ಎಫ್‌ಐಆರ್ ಬೇಕಿಲ್ಲ, ಹಣ ಬೇಕಿಲ್ಲ.
• ಮೊದಲ 72 ಗಂಟೆ ಬಹಳ ಮುಖ್ಯ. ತಡವಾದರೂ ಹೋಗಿ.
• ಪರಿಹಾರಧನ ಮತ್ತು ಉಚಿತ ವಕೀಲರಿಗಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ.

ತರಗತಿಯಲ್ಲಿ ಚರ್ಚಿಸಲು

1. ನಮ್ಮ ಕಾಲೇಜಿನಲ್ಲಿ ಇಂಥ ವಿಷಯವನ್ನು ಯಾರ ಬಳಿ, ಯಾವ ಕೋಣೆಯಲ್ಲಿ, ಬೇರೆಯವರಿಗೆ ಕೇಳಿಸದಂತೆ ಹೇಳಬಹುದು? ಎಲ್ಲರಿಗೂ ಅದು ಗೊತ್ತಿದೆಯೆ?
2. "ಇಜ್ಜತ್ ಗಯೀ", "ಮಾನಭಂಗ" ಎಂಬ ಮಾತುಗಳ ಬದಲು ನಾವು ಏನು ಹೇಳಬಹುದು?

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ